ಬೆಂಗಳೂರಿನ ಫ್ಲ್ಯಾಟಿನಲ್ಲಿ ಬಾಣಂತನ: ವಿಶ್ರಾಂತಿಯನ್ನು ನಾವು ಹೊಂದಿಸಿಕೊಂಡ ಬಗೆ

ಉತ್ತರ ಕರ್ನಾಟಕದ ನಮ್ಮ ಕಡೆ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ರೂಢಿ. ನನ್ನ ಮೊದಲ ಬಾಣಂತನ ಧಾರವಾಡದಲ್ಲಿ, ಅವ್ವನ ಕೈಯಲ್ಲಿ ನಡೆಯಿತು. ಎರಡನೆಯ ಹೆರಿಗೆಯ ಹೊತ್ತಿಗೆ ಅವ್ವನಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿತ್ತು, ದೊಡ್ಡ ಮಗಳು ಬೆಂಗಳೂರಿನಲ್ಲಿ ಶಾಲೆಗೆ ಸೇರಿದ್ದಳು. ಹಾಗಾಗಿ ಬಾಣಂತನವನ್ನು ನಮ್ಮ ಫ್ಲ್ಯಾಟಿನಲ್ಲಿಯೇ ಮಾಡಿಕೊಳ್ಳುವುದೆಂದು ನಿರ್ಧರಿಸಿದೆವು. ತವರಿನಲ್ಲಿ ಬಾಣಂತಿಗೆ ಸಿಗುವ ವಿಶ್ರಾಂತಿಯ ಹಿಂದೆ ಎಷ್ಟು ಜನರ ದುಡಿಮೆ ಇರುತ್ತದೆ ಎಂಬುದು, ಅದನ್ನು ಬೇರೊಂದು ಮನೆಯಲ್ಲಿ ಬುಡದಿಂದ ಕಟ್ಟಲು ಹೊರಟಾಗ ಸ್ಪಷ್ಟವಾಗಿ ಕಂಡಿತು. ಅಡುಗೆ ಯಾರದು, ನೀರು ಹಾಕುವವರು ಯಾರು, ರಾತ್ರಿ ಕೂಸನ್ನು ಎತ್ತಿಕೊಳ್ಳುವವರು ಯಾರು, ನೋಡಲು ಬಂದವರಿಗೆ ಚಹಾ ಕೊಟ್ಟು ಮಾತಾಡಿಸಿ ಕಳಿಸುವವರು ಯಾರು ಎಂಬುದು ಮೊದಲೇ ತೀರ್ಮಾನವಾಗದಿದ್ದರೆ ಬಾಣಂತಿ ನಿಶ್ಚಿಂತೆಯಿಂದ ಮಲಗಲಾರಳು. ಆರಾಮ ಮಾಡು ಎಂದು ಹೇಳುವವರು ಬಹಳ ಮಂದಿ ಇರುತ್ತಾರೆ. ಆಕೆಯ ಕೆಲಸವನ್ನು ಇನ್ನೊಬ್ಬರು ಕೈಗೆತ್ತಿಕೊಂಡಾಗಲೇ ಆ ಮಾತಿಗೆ ಬೆಲೆ.

ಆರು ವಾರಗಳ ವಿಶ್ರಾಂತಿಗೆ ದೇಹದಲ್ಲಿಯೇ ಆಧಾರವಿದೆ. ಹೆರಿಗೆಯಾದ ಕೂಡಲೇ ಸುಮಾರು 1 ಕಿಲೋ ತೂಗುವ ಗರ್ಭಕೋಶವು ಸುಮಾರು ಆರು ವಾರಗಳಲ್ಲಿ ಕುಗ್ಗಿ 100 ಗ್ರಾಮಿಗಿಂತಲೂ ಕಡಿಮೆಯಾಗುತ್ತದೆ. ವೈದ್ಯರು ಹೆರಿಗೆಯ ನಂತರದ ಅವಧಿಯನ್ನು 42 ದಿನ ಎಂದು ಎಣಿಸುವುದೂ ಇದೇ ಲೆಕ್ಕದಲ್ಲಿ. ಎಳೆಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುವುದರಿಂದ ತಾಯಿಗೆ ಒಂದೇ ಸಮನೆ ಐದಾರು ತಾಸು ನಿದ್ದೆ ಸಿಗುವುದಿಲ್ಲ. ತುಂಡು ತುಂಡಾಗಿ ಬರುವ ನಿದ್ದೆಯನ್ನೇ ಕೂಡಿಸಿಕೊಳ್ಳಬೇಕಾದ ಈ ದಿನಗಳಲ್ಲಿ, ಕೂಸು ಮಲಗಿದಾಗ ತಾಯಿಯೂ ಮಲಗಬೇಕಾದರೆ ಆ ಹೊತ್ತಿನಲ್ಲಿ ಒಲೆಯ ಮುಂದೆ, ಬಾಗಿಲ ಮುಂದೆ ಬೇರೊಬ್ಬರು ನಿಂತಿರಬೇಕು.

ಸಹಾಯಕ್ಕೆ ಬರುವವರನ್ನೆಲ್ಲ ಮೊದಲ ವಾರವೇ ಕರೆಸಿಕೊಳ್ಳಬಾರದೆಂದು ನಾವು ತೀರ್ಮಾನಿಸಿದ್ದು ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಹೆರಿಗೆಯಾದ ಸಂಭ್ರಮದಲ್ಲಿ ಮನೆ ತುಂಬಿರುತ್ತದೆ, ತೊಟ್ಟಿಲ ಕಾರ್ಯ ಮುಗಿಯುತ್ತಲೇ ಒಬ್ಬೊಬ್ಬರಾಗಿ ಊರಿಗೆ ಹೊರಡುತ್ತಾರೆ. ನಿದ್ದೆಗೆಟ್ಟ ದಣಿವು ನಿಜವಾಗಿ ಮೈಮೇಲೆ ಬರುವುದು ಅದರ ನಂತರ. ಆದ್ದರಿಂದ ಮೊದಲಿಗೆ ನಮ್ಮ ಅತ್ತೆಯವರು, ಅವರು ಹೊರಡುವ ಹೊತ್ತಿಗೆ ಹುಬ್ಬಳ್ಳಿಯ ಮೌಶಿ, ಮೌಶಿ ಹೋದ ಮೇಲೆ ನನ್ನ ಗಂಡನ ರಜೆ ಎಂದು ಸರದಿ ಹಾಕಿದೆವು. ಕರ್ನಾಟಕದಲ್ಲಿ ಸರ್ಕಾರಿ ನೌಕರರಿಗೆ 15 ದಿನಗಳ ಪಿತೃತ್ವ ರಜೆಯಿದೆ. ಖಾಸಗಿ ಕೆಲಸದಲ್ಲಿರುವ ತಂದೆಯರಿಗೆ ಅಂಥ ರಜೆ ಕಾನೂನಿನ ಹಕ್ಕಾಗಿ ದೊರೆಯುವುದಿಲ್ಲ. ನಮ್ಮವರು ವರ್ಷದುದ್ದಕ್ಕೂ ಗಳಿಕೆ ರಜೆಯನ್ನು ಕೂಡಿಟ್ಟುಕೊಂಡಿದ್ದರು. ಹೆರಿಗೆಯ ದಿನ ಆಸ್ಪತ್ರೆಯಲ್ಲಿದ್ದು, ಆಮೇಲೆ ಕೆಲಸಕ್ಕೆ ಮರಳಿ, ಉಳಿದ ರಜೆಯನ್ನು ಮನೆ ಬರಿದಾಗುವ ವಾರಗಳಿಗೆ ಮೀಸಲಿಟ್ಟರು. ಬಂಧುಗಳಲ್ಲಿ ಕೆಲವರಿಗೆ ಇದು ವಿಚಿತ್ರವೆನಿಸಿತು, ಆದರೆ ಆ ವಾರಗಳಲ್ಲಿ ಹಗಲಿನ ಎರಡು ನಿದ್ದೆ ನನಗೆ ದಕ್ಕಿದ್ದು ಇದರಿಂದಲೇ.

ಅಡುಗೆಯ ಹೊರೆಯನ್ನು ಹೆರಿಗೆಗೆ ಮುಂಚೆಯೇ ಇಳಿಸಿಕೊಂಡೆವು. ತುಪ್ಪದಲ್ಲಿ ಹುರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ ಹಾಕಿ ಕಟ್ಟಿದ ಅಂಟಿನ ಉಂಡಿಗಳನ್ನು ಅವ್ವ ಡಬ್ಬಿ ತುಂಬ ಕಳಿಸಿದ್ದಳು. ಅಳವಿ ಬೀಜವನ್ನು ಸ್ವಚ್ಛ ಮಾಡಿ ಕಟ್ಟಿಕೊಟ್ಟಿದ್ದಳು, ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ಪಾಯಸ ಬೇಗ ಆಗುತ್ತದೆ. ನಡುರಾತ್ರಿ ಹಾಲೂಡಿಸಿ ಹಸಿವಾದಾಗ ಯಾರನ್ನೂ ಎಬ್ಬಿಸದೆ ತಿನ್ನಲು ತಲೆದಿಂಬಿನ ಬಳಿ ಒಂದು ಉಂಡಿ, ಒಂದು ತಂಬಿಗೆ ನೀರು ಇರುತ್ತಿದ್ದವು. ನೀರಿನ ವಿಷಯದಲ್ಲಿ ಮಾತ್ರ ಹಿರಿಯರ ಕ್ರಮವನ್ನು ನಾನು ಒಪ್ಪಲಿಲ್ಲ. ಬಾಣಂತಿಗೆ ನೀರು ಕಡಿಮೆ ಕೊಡಬೇಕು, ಸೊಪ್ಪು ತರಕಾರಿ ಕೊಡಬಾರದು ಎಂಬ ನಂಬಿಕೆ ಅನೇಕ ಮನೆಗಳಲ್ಲಿ ಇನ್ನೂ ಇದೆ. ಹಾಲೂಡಿಸುವ ದೇಹಕ್ಕೆ ಇವೆರಡೂ ಬೇಕು. ಸಬ್ಬಸಿಗೆ ಸೊಪ್ಪನ್ನು ಅತ್ತೆಯವರೇ ಸಂತೋಷದಿಂದ ಮಾಡಿ ಬಡಿಸಿದ್ದರಿಂದ ವಾದ ಬೆಳೆಯಲಿಲ್ಲ. ಹೆರಿಗೆಯ ನಂತರವೂ 180 ದಿನ ತೆಗೆದುಕೊಳ್ಳಬೇಕಾದ ಕಬ್ಬಿಣಾಂಶದ ಮಾತ್ರೆಯನ್ನು ನೆನಪಿಸುವುದು ದೊಡ್ಡ ಮಗಳ ಕೆಲಸವಾಯಿತು. ತನಗೂ ಒಂದು ಜವಾಬ್ದಾರಿ ಸಿಕ್ಕಿದ್ದಕ್ಕೆ ಅವಳು ಹಿಗ್ಗಿದಳು.

ಎಣ್ಣೆ ಹಚ್ಚಿ ನೀರು ಹಾಕಲು ಪಕ್ಕದ ಬಡಾವಣೆಯಿಂದ ಒಬ್ಬ ಹಿರಿಯ ಹೆಂಗಸು ಬರುತ್ತಿದ್ದರು. ಬಿಸಿನೀರು ಮೈಮೇಲೆ ಬಿದ್ದ ನಂತರ ಬರುವ ನಿದ್ದೆಯಷ್ಟು ಗಾಢವಾದದ್ದು ಇಡೀ ದಿನದಲ್ಲಿ ಬೇರೊಂದಿರಲಿಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹಾಕಿ ಲೋಬಾನದ ಹೊಗೆ ಕೊಡುವುದನ್ನು ಬಿಟ್ಟೆವು. ಫ್ಲ್ಯಾಟಿನ ಕೋಣೆಯಲ್ಲಿ ಅದು ಕೂಸಿನ ಉಸಿರಿಗೂ ತಾಯಿಯ ಉಸಿರಿಗೂ ಅಪಾಯ. ದಿನವಿಡೀ ಮಲಗಿಯೇ ಇರುವುದೂ ಸರಿಯಲ್ಲ, ಏಕೆಂದರೆ ಈ ವಾರಗಳಲ್ಲಿ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚು. ಸಂಜೆ ಹಜಾರದಲ್ಲಿ ನಿಧಾನವಾಗಿ ನಾಲ್ಕು ಸುತ್ತು ನಡೆಯುವುದು ನನ್ನ ವಿಶ್ರಾಂತಿಯ ಭಾಗವೇ ಆಗಿತ್ತು.

ನೋಡಲು ಬರುವವರ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಿಂದೆ ಪುರುಡಿನ ದಿನಗಳಲ್ಲಿ ಬಾಣಂತಿಯ ಕೋಣೆಗೆ ಹೊರಗಿನವರು ಬರುತ್ತಿರಲಿಲ್ಲ. ಮೈಲಿಗೆಯ ಕಲ್ಪನೆಯನ್ನು ನಾನು ಒಪ್ಪುವುದಿಲ್ಲ, ಅದು ಹೆಣ್ಣಿಗೆ ಮಾಡಿರುವ ಅವಮಾನವನ್ನು ಮರೆಯುವುದೂ ಇಲ್ಲ. ಆದರೂ ಆ ಕಟ್ಟಳೆ ಆಕೆಯ ಬಾಗಿಲನ್ನು ಕಾಯುತ್ತಿತ್ತು ಎಂಬುದು ದಿಟ. ಕಟ್ಟಳೆ ಹೋದ ಮೇಲೆ ಆ ಕಾವಲು ಕೆಲಸವನ್ನು ಯಾರಾದರೂ ವಹಿಸಿಕೊಳ್ಳಬೇಕು. ನಮ್ಮಲ್ಲಿ ಅದನ್ನು ಗಂಡ ವಹಿಸಿಕೊಂಡರು. ಸಂಜೆ ಐದರಿಂದ ಆರರವರೆಗೆ ಬರಬಹುದು, ಮುಂಚೆ ಫೋನ್ ಮಾಡಿ, ಕೆಮ್ಮು ನೆಗಡಿ ಇದ್ದರೆ ಆಮೇಲೆ ಬನ್ನಿ ಎಂದು ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ವಿನಯದಿಂದ ಬರೆದರು. ಈ ಮಾತು ಬಾಣಂತಿಯಿಂದ ಬಂದರೆ ಸೊಕ್ಕು ಎನಿಸಿಕೊಳ್ಳುತ್ತದೆ, ಮನೆಯ ಗಂಡಸಿನಿಂದ ಬಂದರೆ ಕಾಳಜಿ ಎನಿಸಿಕೊಳ್ಳುತ್ತದೆ. ಇದು ನ್ಯಾಯವಲ್ಲವಾದರೂ, ದಣಿದಿರುವಾಗ ಆ ಹೋರಾಟವನ್ನು ನನ್ನ ಹೆಗಲ ಮೇಲೆ ಹೊರಲು ನಾನು ಸಿದ್ಧಳಿರಲಿಲ್ಲ.

ಮೊದಲ ವಾರದಲ್ಲಿ ಕಾರಣವಿಲ್ಲದೆ ಅಳು ಬರುತ್ತಿತ್ತು. ಹೆರಿಗೆಯ ನಂತರ ಹಾರ್ಮೋನುಗಳು ತಟ್ಟನೆ ಇಳಿಯುವುದರಿಂದ ಇದು ಬಹುತೇಕ ತಾಯಂದಿರಿಗೆ ಆಗುತ್ತದೆ, ಎರಡು ವಾರಗಳೊಳಗೆ ತಾನಾಗಿ ಕಡಿಮೆಯಾಗುತ್ತದೆ. ಎರಡು ವಾರ ದಾಟಿದರೂ ಬೇಸರ ಹೋಗದಿದ್ದರೆ, ಕೂಸು ಮಲಗಿದ್ದರೂ ನಿದ್ದೆ ಬಾರದಿದ್ದರೆ, ಕೂಸಿನ ಮೇಲೆ ಮನಸ್ಸೇ ಹೋಗದಿದ್ದರೆ ಅದನ್ನು ವಿಶ್ರಾಂತಿಯಿಂದ ಮಾತ್ರ ಸರಿಪಡಿಸಲಾಗದು; ವೈದ್ಯರ ಬಳಿ ಹೋಗಲೇಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು. ನನಗೆ ಆ ಅಗತ್ಯ ಬೀಳಲಿಲ್ಲ, ಆದರೂ ಆ ಸಂಖ್ಯೆಯನ್ನು ಮೌಶಿಗೆ ಬರೆದುಕೊಟ್ಟಿದ್ದೆ. ಕುಸಿಯುತ್ತಿರುವವರಿಗೆ ತಾವು ಕುಸಿಯುತ್ತಿರುವುದು ಎಷ್ಟೋ ಸಲ ಗೊತ್ತಾಗುವುದಿಲ್ಲ.

ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ನಂತರ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆ ಸಿಗುತ್ತದೆ, ಅದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮುಂಚೆ ಬಳಸಿಕೊಳ್ಳಬಹುದು. ಆರೋಗ್ಯ ಚೆನ್ನಾಗಿದ್ದುದರಿಂದ ಮುಂಚೆ ಸ್ವಲ್ಪವನ್ನೇ ಬಳಸಿ ಉಳಿದುದನ್ನು ಕೂಸಿನ ಜೊತೆಗೆ ಇಟ್ಟುಕೊಂಡೆ. ನನಗೆ ನೀರು ಹಾಕುತ್ತಿದ್ದ ಹಿರಿಯರು ತಮ್ಮ ಕಾಲದಲ್ಲಿ ತಿಂಗಳು ತುಂಬುವ ಮುಂಚೆಯೇ ಕೂಲಿಗೆ ಹೋಗಿದ್ದರಂತೆ. ಅವರಿಗೆ ದಕ್ಕದ ವಿಶ್ರಾಂತಿಯನ್ನು ಅವರ ಕೈಯಿಂದಲೇ ಪಡೆಯುತ್ತಿದ್ದೇನೆ ಎಂಬ ಸಂಕಟ ನನ್ನನ್ನು ಬಿಡಲಿಲ್ಲ. ಬಾಣಂತನದ ರಜೆಯ ಕಾನೂನು ಇಂದಿಗೂ ಕೂಲಿ ಮಾಡುವ ಹೆಂಗಸರ ಮನೆಯ ಬಾಗಿಲಿಗೆ ಬಂದಿಲ್ಲ.

ಕೆಲಸಕ್ಕೆ ಮರಳುವುದು ಇನ್ನೊಂದು ಬದಲಾವಣೆ, ಅದಕ್ಕೂ ಬಿಡುವು ಬೇಕಿತ್ತು. ಕೂಸಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ವಿರಾಮ ಪಡೆಯುವ ಹಕ್ಕು ಕಾನೂನಿನಲ್ಲಿದೆ ಎಂಬುದನ್ನು ಮರಳುವ ಮುಂಚೆಯೇ ಕಚೇರಿಗೆ ಪತ್ರದಲ್ಲಿ ಬರೆದು, ಆ ಹೊತ್ತನ್ನು ನನ್ನ ಕೆಲಸದ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದೆ. ಸೋಮವಾರದ ಬದಲು ಗುರುವಾರ ಕೆಲಸಕ್ಕೆ ಸೇರಿದೆ. ಎರಡು ದಿನ ಹೋಗಿ ಬಂದ ಮೇಲೆ ಶನಿವಾರ, ಭಾನುವಾರ ಮಲಗಲು ಸಿಕ್ಕವು, ಮುಂದಿನ ವಾರಕ್ಕೆ ಕೂಸಿನ ಹಾಲಿನ ಹೊತ್ತನ್ನು ಸರಿಹೊಂದಿಸಿಕೊಳ್ಳಲೂ ಸಾಧ್ಯವಾಯಿತು.