ಕುದುರೆ ಎಳೆಯುವ ಹುಲ್ಲಿನ ಮೋವರ್: ಜೋಡಣೆ ಮೊದಲು, ಸಾಣೆ ಕೊನೆಗೆ

ಮೋವರ್ ಸರಿಯಾಗಿ ಕೊಯ್ಯುತ್ತಿಲ್ಲ ಅಂದ ತಕ್ಷಣ ಎಲ್ಲರ ಕೈಯೂ ಹೋಗುವುದು ಸಾಣೆಕಲ್ಲಿಗೆ. ಬ್ಲೇಡು ಮಸೆದು ಮತ್ತೆ ಹೊಲಕ್ಕೆ ಇಳಿಸುತ್ತಾರೆ, ಅರ್ಧ ಎಕರೆ ಚೆನ್ನಾಗಿ ಹೋಗುತ್ತದೆ, ಆಮೇಲೆ ಮತ್ತೆ ಹುಲ್ಲು ಸಿಕ್ಕಿಕೊಂಡು ಕುದುರೆಗಳು ಬೆವರಿ ನಿಲ್ಲುತ್ತವೆ. ನಾನು ಸಿದ್ಧಮಾಡಿದ ಯಂತ್ರಗಳಲ್ಲಿ ಹೆಚ್ಚಿನವುಗಳ ದೋಷ ಅಲಗಿನಲ್ಲಿ ಇರಲೇ ಇಲ್ಲ. ಯಂತ್ರದ ಪಕ್ಕಕ್ಕೆ ಚಾಚಿ ಹುಲ್ಲು ಕೊಯ್ಯುವ ಉದ್ದ ತೋಳು, ಅಂದರೆ ಕಟರ್ ಬಾರ್ ನಿಂತ ಕೋನ, ಬ್ಲೇಡನ್ನು ಅತ್ತಿತ್ತ ಎಳೆಯುವ ಪಿಟ್‌ಮನ್ ಕೋಲಿನ ಅಳತೆ, ಬ್ಲೇಡು ಪಟ್ಟಿಯನ್ನು ಒತ್ತಿ ಹಿಡಿಯುವ ಕ್ಲಿಪ್ಪು ಇವುಗಳಲ್ಲೇ ಇತ್ತು. ಹಾಗಾಗಿ ನನ್ನ ಕ್ರಮ ತಲೆಕೆಳಗು: ಸಾಣೆ ಹಿಡಿಯುವುದು ಎಲ್ಲಕ್ಕಿಂತ ಕೊನೆಗೆ.

ಇಲ್ಲಿ ಹೇಳುತ್ತಿರುವುದು ಮೆಕಾರ್ಮಿಕ್-ಡೀರಿಂಗ್ ನಂಬರ್ 9 ಯಂತ್ರದ ಬಗ್ಗೆ. ಹೈ ಗೇರ್ ಮಾದರಿ, 5 ಅಡಿ ಕಟರ್ ಬಾರ್, ಎರಡು ಕುದುರೆ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1939ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಅಮೆರಿಕದ ಪೆನ್ಸಿಲ್ವೇನಿಯಾ, ಓಹಿಯೋ ರಾಜ್ಯಗಳಲ್ಲಿ ಇಂದಿಗೂ ಕುದುರೆಯಿಂದಲೇ ಬೇಸಾಯ ಮಾಡುವ ಕ್ರೈಸ್ತ ಪಂಗಡವಾದ ಆಮಿಶ್ ರೈತರು ಇಂದಿಗೂ ಇದರಲ್ಲಿ ಹುಲ್ಲು ಕೊಯ್ಯುತ್ತಾರೆ, ಬಿಡಿಭಾಗಗಳೂ ಹೊಸದಾಗಿ ಸಿಗುತ್ತವೆ. ಹಳೆಯ ಮೋವರ್‌ಗಳಲ್ಲಿ ಹಲ್ಲುಚಕ್ರಗಳು ಬಯಲಲ್ಲಿ ಧೂಳು ತಿನ್ನುತ್ತಿದ್ದವು. ಇದರಲ್ಲಿ ಅವು ಮುಚ್ಚಿದ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಮುಳುಗಿ ತಿರುಗುತ್ತವೆ. ಇಷ್ಟು ಕಾಲ ಬಾಳಿದ್ದು ಅದರಿಂದಲೇ.

ಶಕ್ತಿ ಬರುವ ದಾರಿ ಗೊತ್ತಿದ್ದರೆ ದೋಷ ಹುಡುಕುವುದು ಸುಲಭ. ನೆಲದ ಮೇಲೆ ಉರುಳುವ ಚಕ್ರ ಅಚ್ಚನ್ನು ತಿರುಗಿಸುತ್ತದೆ, ಅಚ್ಚಿನಿಂದ ಹಲ್ಲುಚಕ್ರಗಳಿಗೆ, ಅಲ್ಲಿಂದ ಮುಂದಿನ ಫ್ಲೈವೀಲಿಗೆ. ಫ್ಲೈವೀಲಿನಲ್ಲಿ ನಡುವಿನಿಂದ ಸರಿದು ನಿಂತ ಕ್ರ್ಯಾಂಕ್ ಪಿನ್ನಿಗೆ ಸಿಕ್ಕಿಸಿದ ಮರದ ಕೋಲೇ ಪಿಟ್‌ಮನ್. ಅದರ ಇನ್ನೊಂದು ತುದಿ ಬ್ಲೇಡು ಪಟ್ಟಿಯ ತಲೆಯಲ್ಲಿರುವ ಗುಂಡನ್ನು ಹಿಡಿದುಕೊಂಡು ಪಟ್ಟಿಯನ್ನು ಅತ್ತಿತ್ತ ಎಳೆಯುತ್ತದೆ. ಪಟ್ಟಿಯ ಮೇಲೆ 3 ಅಂಗುಲ ಅಗಲದ ತ್ರಿಕೋನ ಸೆಕ್ಷನ್‌ಗಳು ಸಾಲಾಗಿ ರಿವೆಟ್ ಆಗಿರುತ್ತವೆ. ಅವು ಓಡಾಡುವುದು 3 ಅಂಗುಲಕ್ಕೊಂದರಂತೆ ಮುಂದಕ್ಕೆ ಚಾಚಿದ ಗಾರ್ಡ್‌ಗಳ ಸೀಳಿನೊಳಗೆ. 5 ಅಡಿ ಬಾರಿಗೆ ಇಂಥ 20 ಗಾರ್ಡ್. ಪ್ರತಿ ಗಾರ್ಡಿನೊಳಗೆ ಒಂದು ಲೆಡ್ಜರ್ ಪ್ಲೇಟ್ ಇದೆ, ಅಂದರೆ ಕತ್ತರಿಯ ಕೆಳಗಿನ ಅಲಗು. ಮೇಲಿನ ಅಲಗು ಸೆಕ್ಷನ್. ಇದು ಕುಡುಗೋಲಿನ ಕೆಲಸ ಅಲ್ಲ, ಕತ್ತರಿಯ ಕೆಲಸ. ದರ್ಜಿಯ ಕತ್ತರಿಯ ತಿರುಪು ಸಡಿಲವಾದರೆ ಬಟ್ಟೆ ಎರಡು ಅಲಗಿನ ನಡುವೆ ಮಡಚಿಕೊಳ್ಳುತ್ತದಲ್ಲ, ಇಲ್ಲಿ ಹುಲ್ಲು ಮಾಡುವುದೂ ಅದನ್ನೇ.

ಗಾರ್ಡಿನ ಈ ಉಪಾಯ ಓಬೆಡ್ ಹಸಿಯದು, 1833ರ ಪೇಟೆಂಟ್. ಸೈರಸ್ ಮೆಕಾರ್ಮಿಕ್ ತನ್ನ ಪೈರು ಕೊಯ್ಯುವ ಯಂತ್ರಕ್ಕೆ ಪೇಟೆಂಟ್ ಪಡೆದದ್ದು ಮರುವರ್ಷ. ಹಸಿಯ ಮೊದಲ ಗಾರ್ಡಿನ ಸೀಳಿನೊಳಗೆ ಹುಲ್ಲಿನ ಚೂರು ತುಂಬಿಕೊಂಡು ಪಟ್ಟಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಚೂರು ಹೊರಬೀಳಲು ದಾರಿ ಬಿಟ್ಟು ಅವನು 1847ರಲ್ಲಿ ಇನ್ನೊಂದು ಪೇಟೆಂಟ್ ಮಾಡಿಸಿದ. ಇವತ್ತು ನಮ್ಮ ಗಾರ್ಡ್‌ಗಳಲ್ಲಿ ಆ ದಾರಿ ಒಣಗಿದ ಹುಲ್ಲಿನ ರಸದಿಂದ ಮುಚ್ಚಿಹೋಗಿದ್ದರೆ ನಾವು 1847ಕ್ಕಿಂತ ಹಿಂದಿನ ಯಂತ್ರ ಓಡಿಸುತ್ತಿದ್ದೇವೆ ಅಂತಲೇ ಅರ್ಥ. ಕೆರೆದು ತೆಗೆಯಿರಿ.

ಯಾವ ಕೆಲಸಕ್ಕೂ ಮೊದಲು ಒಂದು ಮಾತು. ಕುದುರೆ ಕಟ್ಟಿರುವಾಗ ಕಟರ್ ಬಾರಿನ ಮುಂದೆ ಕೈಯಾಗಲಿ ಕಾಲಾಗಲಿ ಇಡಬಾರದು. ಗೇರ್ ಬಿಡಿಸಿದ್ದೇನೆ ಅನ್ನುವ ಭರವಸೆ ಸಾಲದು. ಎಳೆಯುವ ಸರಪಳಿಗಳನ್ನೇ ಕಳಚಿ, ಆಮೇಲೆ ಮುಟ್ಟಿ. ಒಂದು ನೊಣ ಕಚ್ಚಿ ಕುದುರೆ ಒಂದು ಹೆಜ್ಜೆ ಇಟ್ಟರೂ ಬೆರಳು ಹೋಗುತ್ತದೆ.

ಮೊದಲ ಕೆಲಸ ಹಿಂಜ್ ಪಿನ್‌ಗಳದ್ದು. ಕಟರ್ ಬಾರ್ ಒಳಗಿನ ಶೂ (ಬಾರಿನ ಒಳತುದಿಯಲ್ಲಿ ನೆಲದ ಮೇಲೆ ಜಾರುವ ಕಬ್ಬಿಣದ ಪಾದ) ಹತ್ತಿರ ಎರಡು ಪಿನ್ನಿನ ಮೇಲೆ ಮಡಚುತ್ತದೆ. ಲೂಯಿಸ್ ಮಿಲ್ಲರ್ 1850ರ ದಶಕದಲ್ಲಿ ಓಹಿಯೋದ ಕ್ಯಾಂಟನ್‌ನಲ್ಲಿ ಮಾಡಿದ ಬಕೈ ಮೋವರಿನ ಕಾಲದಿಂದ ಬಾರ್ ಹೀಗೆ ನೆಲದ ಏರಿಳಿತಕ್ಕೆ ತಕ್ಕಂತೆ ಏಳುತ್ತ ಇಳಿಯುತ್ತ ಸಾಗುತ್ತದೆ. ಆ ಸ್ವಾತಂತ್ರ್ಯಕ್ಕೆ ತೆರುವ ಬೆಲೆ ಪಿನ್ನು ಸವೆಯುವುದು. ಬಾರಿನ ಹೊರತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಪಿನ್ನಿನಲ್ಲಿ ಕಾಲು ಅಂಗುಲ ಸಡಿಲ ಇದ್ದರೆ 5 ಅಡಿ ಆಚೆ ಅದು ಅಂಗುಲಗಟ್ಟಲೆ ಆಗಿ ಕಾಣುತ್ತದೆ. ನಾನು ಸವೆದ ತೂತನ್ನು ದುಂಡಗೆ ಕೊರೆಸಿ ಬುಶ್ (ತೂತಿನೊಳಗೆ ಕೂರುವ ಲೋಹದ ಬಳೆ) ಹಾಕಿಸಿದೆ, ಪಿನ್ನು ಹೊಸದು. ತೂತಿಗೆ ವೆಲ್ಡಿಂಗ್ ತುಂಬಿ ಮತ್ತೆ ಕೊರೆಯುವವರೂ ಇದ್ದಾರೆ. ಎರಕದ ಕಬ್ಬಿಣಕ್ಕೆ ಆ ಬಿಸಿ ಒಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಬುಶ್ಶೇ ಮೇಲು.

ಪಿನ್ನು ಸರಿಹೋದ ಮೇಲೆ ಲೀಡ್. ಇದೇ ಈ ಯಂತ್ರದ ಗುಟ್ಟು. ನಿಂತಿರುವಾಗ ಕಟರ್ ಬಾರಿನ ಹೊರತುದಿ ಒಳತುದಿಗಿಂತ ಸ್ವಲ್ಪ ಮುಂದೆ ಇರಬೇಕು. ಓಡುವಾಗ ಹುಲ್ಲಿನ ಒತ್ತಡ ಬಾರನ್ನು ಹಿಂದಕ್ಕೆ ತಳ್ಳುತ್ತದೆ, ಆಗ ಪಿಟ್‌ಮನ್ನೂ ಬ್ಲೇಡು ಪಟ್ಟಿಯೂ ಒಂದೇ ಗೆರೆಗೆ ಬರುತ್ತವೆ. ಅಳತೆ ಅಡಿಗೆ ಕಾಲು ಅಂಗುಲ, 5 ಅಡಿ ಬಾರಿಗೆ ಒಂದೂಕಾಲು ಅಂಗುಲ.

ಅಳೆಯುವ ಬಗೆ ಹೀಗೆ. ಯಂತ್ರವನ್ನು ಸಮನೆಲದಲ್ಲಿ ನಿಲ್ಲಿಸಿ ಚಕ್ರಕ್ಕೆ ಅಡ್ಡಗಲ್ಲು ಕೊಡಿ. ಮೂಕಿಯನ್ನು ಕುದುರೆಗೆ ಕಟ್ಟಿದಾಗ ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟೇ ಎತ್ತರಕ್ಕೆ ಆನಿಕೆ ಕೊಟ್ಟು ನಿಲ್ಲಿಸಿ. ನನ್ನ ಜೋಡಿಗೆ ಅದು ತುದಿಯಲ್ಲಿ 32 ಅಂಗುಲ. ಮೂಕಿಯ ಎತ್ತರ ಬದಲಾದರೆ ಬಾರಿನ ಓರೆಯೂ ಬದಲಾಗುತ್ತದೆ, ಇದನ್ನು ಬಿಟ್ಟರೆ ಮುಂದಿನ ಅಳತೆಗಳೆಲ್ಲ ಸುಳ್ಳು. ಬಾರಿನ ಹೊರತುದಿಯನ್ನು ಹಿಂದಕ್ಕೆ ಜಗ್ಗಿ ಉಳಿದ ಸಡಿಲವನ್ನೆಲ್ಲ ತೆಗೆಯಿರಿ. ಕ್ರ್ಯಾಂಕ್ ಪಿನ್ನಿನ ಕಡೆಯಿಂದ ಪಿಟ್‌ಮನ್‌ನ ನಡುಗೆರೆ ಹಿಡಿದು, ಬ್ಲೇಡು ಪಟ್ಟಿಯ ತಲೆಯ ಗುಂಡಿನ ನಡುವೆ ಹಾಯಿಸಿ, ಹೊರತುದಿಯವರೆಗೆ ಬಿಗಿಯಾಗಿ ಒಂದು ದಾರ ಎಳೆಯಿರಿ. ಒಳತುದಿಯಲ್ಲಿ ದಾರಕ್ಕೂ ಪಟ್ಟಿಯ ಹಿಂಬದಿಗೂ ಇರುವ ಅಂತರ, ಹೊರತುದಿಯಲ್ಲಿ ಅದೇ ಅಂತರ, ಎರಡರ ವ್ಯತ್ಯಾಸವೇ ಲೀಡ್. ಸಾಲದಿದ್ದರೆ ಹಿಂದಿನ ಹಿಂಜ್ ಪಿನ್ನಿನ ಸುತ್ತ ಇರುವ, ತೂತು ನಟ್ಟನಡುವೆ ಇಲ್ಲದ ಎಕ್ಸೆಂಟ್ರಿಕ್ ಬುಶ್ ತಿರುಗಿಸಬೇಕು. ಅದು ತುಕ್ಕು ಹಿಡಿದು ಕಚ್ಚಿಕೊಂಡಿರುವುದೇ ಹೆಚ್ಚು. ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಲು ಬಿಡಿ, ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿ, ಆಮೇಲೆ ಪಾನಾ ಹಾಕಿ. ಅವಸರ ಮಾಡಿದರೆ ಬುಶ್ಶಿನ ಮೂಲೆ ಮುರಿಯುತ್ತದೆ.

ಲೀಡ್ ಇಲ್ಲದ ಬಾರ್ ಓಡುವಾಗ ಹಿಂದಕ್ಕೆ ಬಾಗಿ, ಪಿಟ್‌ಮನ್ ಪಟ್ಟಿಯನ್ನು ಓರೆಯಾಗಿ ತಳ್ಳುತ್ತದೆ. ಪಟ್ಟಿಯ ತಲೆ ಬಿಸಿಯಾಗುತ್ತದೆ, ಹಿಂಬದಿಯ ತೇಯುಪಟ್ಟಿ ಒಂದೇ ಕಡೆ ಸವೆಯುತ್ತದೆ, ಕೊನೆಗೆ ತಲೆಯೇ ತುಂಡಾಗುತ್ತದೆ. ಕುದುರೆಗಳಿಗೆ ಎಳೆತ ಭಾರವಾಗುವುದೂ ಇಲ್ಲೇ. ಆ ಭಾರಕ್ಕೆ ಬ್ಲೇಡು ಮೊಂಡಾಗಿದೆ ಅಂತ ತಿಳಿಯುವುದು ತಪ್ಪು ಲೆಕ್ಕ.

ಮುಂದೆ ರಿಜಿಸ್ಟರ್, ಅಂದರೆ ಸೆಕ್ಷನ್‌ಗಳು ಗಾರ್ಡ್‌ಗಳಿಗೆ ನೇರಕ್ಕೆ ಬರುವುದು. ಫ್ಲೈವೀಲನ್ನು ಕೈಯಿಂದ ತಿರುಗಿಸಿ, ಪಟ್ಟಿ ಹೊರಗಡೆ ಪೂರ್ತಿ ಹೋದಾಗ ಪ್ರತಿ ಸೆಕ್ಷನ್ನಿನ ಚೂಪು ಗಾರ್ಡಿನ ನಡುಗೆರೆಗೆ ಸರಿಯಾಗಿ ಬಂದಿದೆಯೇ ನೋಡಿ. ಒಳಗಡೆ ಪೂರ್ತಿ ಬಂದಾಗಲೂ ಹಾಗೇ ಇರಬೇಕು. ಹೊರಗಡೆ ದಾಟಿಹೋಗಿ ಒಳಗಡೆ ಅಷ್ಟೇ ಕಡಿಮೆಯಾದರೆ ಬಾರನ್ನು ಹೊರಕ್ಕೆ ಸರಿಸಬೇಕು, ತಿರುಗುಮುರುಗಾದರೆ ಒಳಕ್ಕೆ. ಬಾರನ್ನು ಚೌಕಟ್ಟಿಗೆ ಕಟ್ಟಿರುವ ಸರಳಿನ ಎಳೆಗಳಲ್ಲಿ ಇದನ್ನು ಹೊಂದಿಸುತ್ತೇವೆ. ಎರಡೂ ತುದಿಯಲ್ಲಿ ಕಡಿಮೆ ಬೀಳುತ್ತಿದ್ದರೆ ಹೊಂದಿಸಿ ಫಲವಿಲ್ಲ, ಕ್ರ್ಯಾಂಕ್ ಪಿನ್ನು ಅಥವಾ ಅದರ ಬೇರಿಂಗ್ ಸವೆದು ಓಟವೇ ಮೋಟಾಗಿದೆ. ರಿಜಿಸ್ಟರ್ ತಪ್ಪಿದ ಯಂತ್ರ ಕೊಯ್ದ ಹೊಲ ನೋಡಿದರೆ ಗೊತ್ತಾಗುತ್ತದೆ: 3 ಅಂಗುಲಕ್ಕೊಂದು ಸಣ್ಣ ಏಣು, ಬಾಚಣಿಗೆ ಎಳೆದ ಹಾಗೆ. ಲೀಡ್ ಬದಲಿಸಿದರೆ ರಿಜಿಸ್ಟರ್ ಸಹ ಅಲುಗುತ್ತದೆ, ಅದಕ್ಕೇ ಲೀಡ್ ಮೊದಲು.

ಗಾರ್ಡ್‌ಗಳು ಒಂದೇ ಮಟ್ಟದಲ್ಲಿರಬೇಕು. ಕಲ್ಲಿಗೆ ತಾಗಿದ ಗಾರ್ಡ್ ಬಾಗಿರುತ್ತದೆ, ಆ ಲೆಡ್ಜರ್ ಪ್ಲೇಟ್ ಸೆಕ್ಷನ್ನಿಂದ ದೂರ ಉಳಿಯುತ್ತದೆ. ನೇರವಾಗಿರುವ ಪಟ್ಟಿಯೊಂದನ್ನು ತೂರಿಸಿ, ಬಾರಿನ ತುದಿಯಿಂದ ಒಂದು ಕಣ್ಣು ಮುಚ್ಚಿ ಸಾಲು ನೋಡುತ್ತೇನೆ. ಕೆಳಗೆ ಬಿದ್ದ ಗಾರ್ಡನ್ನು ಲೆಡ್ಜರ್ ಪ್ಲೇಟಿನ ಮುಂದಿನ ದಪ್ಪ ಭಾಗಕ್ಕೆ ಸುತ್ತಿಗೆ ಕೊಟ್ಟು ಎತ್ತಬೇಕು. ಮೂತಿಯ ತುದಿಗೆ ಹೊಡೆದರೆ ಮೂತಿ ಮಾತ್ರ ಬಾಗುತ್ತದೆ. ಸೆಕ್ಷನ್ನಿನ ಮುಂಭಾಗ ಪ್ಲೇಟಿಗೆ ತಾಗಿರಬೇಕು, ಹಿಂಭಾಗದಲ್ಲಿ ತೆಳು ಬೆಳಕು ಕಂಡರೆ ಚಿಂತೆಯಿಲ್ಲ. ಮುಂದೆ ಬೆಳಕು ಕಂಡರೆ ಅಲ್ಲಿ ಹುಲ್ಲು ಮಡಚುತ್ತದೆ. ಪ್ಲೇಟಿನ ಅಂಚಿನ ಗರಗಸದಂಥ ಗೆರೆ ಮಾಸಿದ್ದರೆ ಬದಲಿಸಿ. ಆ ಗೆರೆ ಹುಲ್ಲಿನ ಕಡ್ಡಿ ಜಾರದಂತೆ ಹಿಡಿಯುತ್ತದೆ, ಮೇಲಿನ ನುಣುಪು ಸೆಕ್ಷನ್ ಕತ್ತರಿಸುತ್ತದೆ.

ಪಟ್ಟಿಯ ಹಿಂದೆ ಆತುಕೊಳ್ಳುವ ತೇಯುಪಟ್ಟಿಗಳು ಸವೆದಿದ್ದರೆ ಮೊದಲು ಅವನ್ನು ಬದಲಿಸಿ. ಅವು ಸವೆದರೆ ಪಟ್ಟಿ ಹಿಂದಕ್ಕೆ ಕುಸಿದು ಸೆಕ್ಷನ್ನಿನ ಚೂಪು ಮೇಲೇಳುತ್ತದೆ. ಆಮೇಲೆ ಕ್ಲಿಪ್ಪು. ಕ್ಲಿಪ್ಪಿಗೂ ಸೆಕ್ಷನ್ನಿಗೂ ನಡುವೆ ಒಂದು ಕಾಗದ ಹೋಗುವಷ್ಟು ಸಂದು ಸಾಕು. ಪಟ್ಟಿಯನ್ನು ಹೊರಗೆಳೆದು ಕ್ಲಿಪ್ಪನ್ನು ತಟ್ಟಿ ಬಗ್ಗಿಸಿ, ಪಟ್ಟಿ ತೂರಿಸಿ ನೋಡಿ, ಒಂದೊಂದಾಗಿ ಮಾಡುತ್ತ ಹೋಗಿ. ಎಲ್ಲ ಮುಗಿದ ಮೇಲೆ, ಪಿಟ್‌ಮನ್ ಕಳಚಿದ ಪಟ್ಟಿ ಒಂದೇ ಕೈಗೆ ಸರಾಗವಾಗಿ ಜಾರಬೇಕು, ಮೇಲಕ್ಕೆ ಮಾತ್ರ ಏಳಬಾರದು. ನನಗೆ ಅರ್ಧ ದಿನ ಹಿಡಿಯುವ ಕೆಲಸ ಇದು, ಇಡೀ ರಿಪೇರಿಯಲ್ಲಿ ಇದಕ್ಕೆ ಕೊಟ್ಟ ಸಮಯವೇ ಹೆಚ್ಚು ಫಲ ಕೊಟ್ಟಿದ್ದು.

ಪಿಟ್‌ಮನ್ ಮರದ್ದೇ ಇರಲಿ. ಮುರಿಯುತ್ತದೆ ಅಂತ ಕಬ್ಬಿಣದ ಪೈಪು ಹಾಕಿದ್ದನ್ನು ನೋಡಿದ್ದೇನೆ. ಮರ ಪ್ರತಿ ಓಟದ ತುದಿಯಲ್ಲಿ ಪೆಟ್ಟನ್ನು ಹೀರಿಕೊಳ್ಳುತ್ತದೆ. ಪೈಪು ಆ ಪೆಟ್ಟನ್ನು ಪಟ್ಟಿಯ ತಲೆಗೂ ಕ್ರ್ಯಾಂಕ್ ಪಿನ್ನಿಗೂ ದಾಟಿಸುತ್ತದೆ, ಆಗ ಅಗ್ಗದ ಕೋಲಿನ ಬದಲು ದುಬಾರಿ ಭಾಗ ಮುರಿಯುತ್ತದೆ. ಹಿಕರಿ ಅಥವಾ ಆ್ಯಶ್ ಮರ, ನಾರು ತುದಿಯಿಂದ ತುದಿಗೆ ನೇರ ಹರಿದಿರಬೇಕು, ಗಂಟು ಇರಬಾರದು. ಪದೇ ಪದೇ ಮುರಿಯುತ್ತಿದ್ದರೆ ಮರವನ್ನು ಬೈಯಬೇಡಿ, ಲೀಡ್ ನೋಡಿ.

ಗೇರ್ ಪೆಟ್ಟಿಗೆಯ ಹಳೆಯ ಎಣ್ಣೆ ಬಸಿದಾಗ ನೀರು ಬಂದರೆ ಆಶ್ಚರ್ಯಪಡಬೇಡಿ, ಮಳೆಯಲ್ಲಿ ನಿಂತ ಯಂತ್ರ. ಸೀಮೆಎಣ್ಣೆಯಲ್ಲಿ ತೊಳೆದು, 90ರ ಗೇರ್ ಆಯಿಲ್ ಅನ್ನು ಮಟ್ಟದ ಪ್ಲಗ್ಗಿನವರೆಗೆ ಹಾಕಿದೆ. ಫ್ಲೈವೀಲ್ ಕಡೆ ಸೋರುತ್ತಿದ್ದುದಕ್ಕೆ ಈಗಿನ ರಬ್ಬರ್ ಸೀಲ್ ಕೂರಿಸಿದೆ. ಮೊದಲ ಸೀಲ್ ನಿಲ್ಲಲಿಲ್ಲ, ಯಾಕೆಂದರೆ ಶಾಫ್ಟಿನ ಮೇಲೆ ಉಗುರು ಸಿಕ್ಕುವಷ್ಟು ಗೀರು ಇತ್ತು. ತೆಳುವಾದ ಉಕ್ಕಿನ ತೋಳು ತೊಡಿಸಿದ ಮೇಲೆ ನಿಂತಿತು.

ಚಕ್ರದ ನಡುಗುಂಬದೊಳಗೆ, ಮುಂದಕ್ಕೆ ಉರುಳಿದಾಗ ಮಾತ್ರ ಕಚ್ಚಿ ಅಚ್ಚನ್ನು ತಿರುಗಿಸುವ ರ‍್ಯಾಚೆಟ್ ಗಿಲಕಿಗಳಿಗೆ ಕೀಲೆಣ್ಣೆ ಮೆತ್ತಬೇಡಿ. ಅದು ಗಟ್ಟಿಯಾದರೆ ಗಿಲಕಿ ಕಚ್ಚುವುದಿಲ್ಲ, ಚಕ್ರ ಉರುಳಿದರೂ ಬ್ಲೇಡು ತಡವಾಗಿ ಹೊರಡುತ್ತದೆ, ಅಷ್ಟರಲ್ಲಿ ಬಾರ್ ಹುಲ್ಲಿನೊಳಗೆ ನುಗ್ಗಿ ಕಟ್ಟಿಕೊಂಡಿರುತ್ತದೆ. ತೊಳೆದು, ಹೊಸ ಸ್ಪ್ರಿಂಗ್ ಹಾಕಿ, ತೆಳು ಎಣ್ಣೆ ನಾಲ್ಕು ಹನಿ ಬಿಡಿ. ಹಿಂದಕ್ಕೆ ತಳ್ಳಿದಾಗ ಟಕಟಕ ಎಂದು ಎಲ್ಲ ಗಿಲಕಿಗಳೂ ಸದ್ದು ಮಾಡಬೇಕು.

ವೇಗದ ಲೆಕ್ಕ ಒಂದು ಬಾರಿ ಮಾಡಿ ನೋಡಿ. ಚಕ್ರ ಒಂದು ಸುತ್ತು ಬಂದರೆ ಫ್ಲೈವೀಲ್ ಎಷ್ಟು ಸುತ್ತು ಅಂತ ಜ್ಯಾಕ್ ಕೊಟ್ಟು ಎಣಿಸಿ. 25 ಅಂತ ಇಟ್ಟುಕೊಳ್ಳೋಣ. ಒಂದು ಸುತ್ತಿಗೆ ಎರಡು ಓಟ, ಒಟ್ಟು 50 ಓಟ. ಚಕ್ರ 32 ಅಂಗುಲ ವ್ಯಾಸದ್ದಾದರೆ ಅಷ್ಟರಲ್ಲಿ ಯಂತ್ರ ಸುಮಾರು 100 ಅಂಗುಲ ಮುಂದೆ ಹೋಗಿರುತ್ತದೆ, ಅಂದರೆ ಓಟಕ್ಕೆ 2 ಅಂಗುಲ. ಈ ಅಂಕಿ ಸೆಕ್ಷನ್ನಿನ ಅಲಗಿನ ಉದ್ದವನ್ನು ಮೀರಬಾರದು, ಮೀರಿದರೆ ನಡುವೆ ಕೊಯ್ಯದ ಹುಲ್ಲು ಉಳಿಯುತ್ತದೆ. ಕುದುರೆ ಬೇಗ ನಡೆದರೆ ಚಕ್ರವೂ ಬೇಗ, ಬ್ಲೇಡೂ ಬೇಗ, ಹಾಗಾಗಿ ಈ ಅನುಪಾತ ಬದಲಾಗುವುದಿಲ್ಲ. ಹೈ ಗೇರ್ ಮಾದರಿಯಲ್ಲಿ ಓಟಗಳು ಹತ್ತಿರ ಹತ್ತಿರ ಬೀಳುತ್ತವೆ. ದಟ್ಟ ಹುಲ್ಲಿನಲ್ಲಿ ಅದಕ್ಕೇ ಬೆಲೆ.

ಈಗ ಸಾಣೆ. ಸೆಕ್ಷನ್ನಿನ ಮೂಲ ಓರೆಯನ್ನೇ ಹಿಡಿದು ಮಸೆಯಿರಿ, ಕೆಳಮೈ ಮುಟ್ಟಬೇಡಿ. ಗ್ರೈಂಡರಿನಲ್ಲಿ ಅಂಚು ನೀಲಿಯಾದರೆ ಹದ ಹೋಯಿತು, ಆ ಸೆಕ್ಷನ್ ಒಂದು ಗಂಟೆಯೂ ಬಾಳುವುದಿಲ್ಲ. ನೀರಿನ ಬಕೆಟ್ ಪಕ್ಕದಲ್ಲಿರಲಿ. ಸೆಕ್ಷನ್ ಬದಲಿಸುವಾಗ ರಿವೆಟ್ ಕೊರೆಯುವ ಅಗತ್ಯವಿಲ್ಲ: ಸೆಕ್ಷನ್ನಿನ ಚೂಪು ಕೆಳಗಾಗಿ ವೈಸಿನ ಹಲ್ಲುಗಳ ನಡುವೆ ಸಡಿಲವಾಗಿ ಇಳಿಬಿಟ್ಟು, ಪಟ್ಟಿಯನ್ನು ಹಲ್ಲಿನ ಮೇಲೆ ಕೂರಿಸಿ, ಸೆಕ್ಷನ್ನಿನ ಹಿಂದಂಚಿಗೆ ಒಂದು ಗಟ್ಟಿ ಏಟು. ಎರಡೂ ರಿವೆಟ್ ಕತ್ತರಿಸಿಹೋಗುತ್ತವೆ, ಉಳಿದ ತುಂಡನ್ನು ಪಂಚಿನಿಂದ ತಳ್ಳಿದರಾಯಿತು. ಹೊಸ ರಿವೆಟ್ ಬಡಿಯುವಾಗ ಕೆಳಗೆ ಗಟ್ಟಿ ಅಡಿಗಲ್ಲು ಇರಲಿ, ಇಲ್ಲದಿದ್ದರೆ ಸೆಕ್ಷನ್ ಅಲ್ಲಾಡುತ್ತದೆ.

ಹೊಲಕ್ಕೆ ಇಳಿಸಿದ ದಿನ ಒಂದು ಸುತ್ತು ಹೊಡೆದು, ಸರಪಳಿ ಕಳಚಿ, ಪಿಟ್‌ಮನ್‌ನ ಎರಡೂ ತುದಿಗೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ, ಕೈ ತೆಗೆಯಬೇಕಾದಷ್ಟು ಬಿಸಿಯಿದ್ದರೆ ಎಣ್ಣೆ ಸಾಲದು ಅಥವಾ ಗೆರೆ ತಪ್ಪಿದೆ. ಗಾರ್ಡ್ ಬೋಲ್ಟ್‌ಗಳನ್ನೆಲ್ಲ ಮತ್ತೊಮ್ಮೆ ಬಿಗಿ ಮಾಡಿ, ಮೊದಲ ಗಂಟೆಯಲ್ಲಿ ಅವು ಸಡಿಲವಾಗೇ ಆಗುತ್ತವೆ. ಆಮೇಲೆ ಅರ್ಧ ಗಂಟೆಗೊಮ್ಮೆ ಪಿಟ್‌ಮನ್‌ಗೆ ಎಣ್ಣೆ ಬಿಡಿ, ಆ ಹೊತ್ತಿಗೆ ಕುದುರೆಗಳಿಗೂ ಉಸಿರು ತಿರುಗುತ್ತದೆ.