ಕಾಲೇಜು ಹರ್ಬೇರಿಯಂ ಉಳಿಸಿಕೊಳ್ಳುವ ಬಗೆ: ಮೊದಲು ಫ್ರೀಜರ್, ಕೊನೆಗೆ ಕ್ಯಾಮೆರಾ

ಹರ್ಬೇರಿಯಂ ಎಂದರೆ ಒಣಗಿಸಿದ ಗಿಡಗಳನ್ನು ಹಾಳೆಗಳಿಗೆ ಅಂಟಿಸಿಟ್ಟ ಸಂಗ್ರಹ. ಸಸ್ಯಶಾಸ್ತ್ರ ವಿಭಾಗದ ಬೀರುಗಳಲ್ಲಿ ಇಂಥ ಎರಡು ಮೂರು ಸಾವಿರ ಹಾಳೆಗಳಿವೆ, ನೋಡಿಕೊಳ್ಳಲು ಬೇರೆ ಸಿಬ್ಬಂದಿ ಇಲ್ಲ ಎಂದಾದರೆ ಯಾವ ಕೆಲಸ ಮೊದಲು ಎನ್ನುವುದೇ ಮುಖ್ಯ. ಅನುದಾನ ಬಂದ ಕೂಡಲೇ ಫೋಟೋ ತೆಗೆಯಲು ಕೂರಬೇಡಿ. ಮೊದಲು ಹುಳು, ಆಮೇಲೆ ತೇವ, ನಂತರ ಗಿಡದ ವಿವರ ಬರೆದ ಚೀಟಿ. ಫೋಟೋ ಇವೆಲ್ಲ ಮುಗಿದ ಮೇಲೆ.

ಹುಳು ಇದೆಯೇ ಎಂದು ನೋಡಲು ಸೂರ್ಯಕಾಂತಿ, ಎಕ್ಕ, ಕೊತ್ತಂಬರಿ ಕುಟುಂಬಗಳ ಕವರುಗಳನ್ನು ಬಿಚ್ಚಿದರೆ ಸಾಕು. ಸಿಗರೇಟ್ ಬೀಟಲ್, ಡ್ರಗ್‌ಸ್ಟೋರ್ ಬೀಟಲ್ ಎಂಬ ಸಣ್ಣ ಜೀರುಂಡೆಗಳು ಮೊದಲು ಮುತ್ತುವುದು ಇಂಥವನ್ನೇ. ಹೂವಿನ ಕೆಳಗೆ ಕಂದು ಬಣ್ಣದ ನುಣ್ಣನೆಯ ಪುಡಿ, ಕಾಂಡದಲ್ಲಿ ಸಣ್ಣ ದುಂಡನೆಯ ತೂತು ಕಂಡರೆ ಆ ಖಾನೆಯೊಂದೇ ಅಲ್ಲ, ಇಡೀ ಬೀರುವಿನ ಹಾಳೆಗಳು ಫ್ರೀಜರಿಗೆ ಹೋಗಬೇಕು.

ಹಾಳೆಗಳನ್ನು ಒಂದು ಗೇಣಿಗಿಂತ ದಪ್ಪವಾಗದಂತೆ ಕಟ್ಟು ಮಾಡಿ, ದಪ್ಪ ಪಾಲಿಥಿನ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು ಟೇಪಿನಿಂದ ಮುಚ್ಚಿ. ಮೈನಸ್ 20 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯ ಡೀಪ್ ಫ್ರೀಜರಿನಲ್ಲಿ 14 ದಿನ ಇಡಿ. ಮನೆಯ ಫ್ರಿಜ್ಜಿನ ಐಸ್ ಪೆಟ್ಟಿಗೆ ಇದಕ್ಕಾಗದು. ನಡುವೆ ಕರೆಂಟ್ ಹೋಗಿ ಕಟ್ಟು ಬೆಚ್ಚಗಾದರೆ ಮತ್ತೆ ಒಂದರಿಂದಲೇ ಎಣಿಸಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು. ತಣ್ಣಗಿನ ಹಾಳೆಗೆ ಹೊರಗಿನ ಗಾಳಿ ತಗುಲಿದರೆ ನೀರು ಕೂತು, ಹುಳು ಸತ್ತ ಜಾಗದಲ್ಲಿ ಬೂಷ್ಟು ಹುಟ್ಟುತ್ತದೆ. ಹೊಸದಾಗಿ ಸಂಗ್ರಹಿಸಿದ್ದಾಗಲಿ, ಎರವಲು ಹೋಗಿ ಮರಳಿದ್ದಾಗಲಿ, ಫ್ರೀಜರ್ ದಾಟದೆ ಬೀರು ಸೇರಬಾರದು. ನುಸಿಗುಳಿಗೆಯನ್ನು ನಂಬಿ ಕೂರಬೇಡಿ: ಕಾಂಡದೊಳಗಿನ ಮರಿಹುಳುವನ್ನು ಅದು ಕೊಲ್ಲುವುದಿಲ್ಲ, ಆ ಹೊಗೆ ಕುಡಿಯುವವರು ನೀವೇ.

ಹಳೆಯ ಹಾಳೆಗಳಲ್ಲಿ ಇನ್ನೊಂದು ಅಪಾಯವಿದೆ. ಹಿಂದೆ ಹುಳು ತಡೆಯಲು ಗಿಡಗಳಿಗೆ ಮರ್ಕ್ಯುರಿಕ್ ಕ್ಲೋರೈಡ್ ಎಂಬ ಪಾದರಸದ ವಿಷಲವಣ ಬಳಿಯುತ್ತಿದ್ದರು. ಗಿಡದ ಸುತ್ತ ಕಾಗದ ಬೂದು ಅಥವಾ ಕಪ್ಪಾಗಿದ್ದರೆ ಪಾದರಸ ಇದೆಯೆಂದೇ ತಿಳಿಯಿರಿ. ಬೀರು ತೆರೆದು ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಿ, ನೈಟ್ರೈಲ್ ಕೈಗವಸು ಹಾಕಿ. ಇಂಥ ಹಾಳೆಗಳನ್ನು ಎಂದೂ ಓವನ್‌ನಲ್ಲಿ ಬಿಸಿ ಮಾಡಬೇಡಿ. ಪಾದರಸದ ಆವಿ ಏಳುತ್ತದೆ.

ತೇವಕ್ಕೆ ಪ್ರತಿ ಬೀರುವಿನೊಳಗೂ ಒಂದು ಆರ್ದ್ರತಾಮಾಪಕ ಇಡಿ. ಶೇಕಡಾ 55 ದಾಟಿದರೆ ಎಚ್ಚರ, 65 ದಾಟಿದರೆ ಬೂಷ್ಟು ಹಿಡಿಯುವ ಅಪಾಯ ಹೆಚ್ಚು. ಮಲೆನಾಡು, ಕರಾವಳಿಯ ಕಾಲೇಜುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕಿಟಕಿ ಮುಚ್ಚಿ, ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಯಂತ್ರ ಓಡಿಸುವುದೊಂದೇ ದಾರಿ. ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿ, ಬೀರುವನ್ನು ಹೊರಗೋಡೆಯಿಂದ ಒಂದು ಗೇಣು ದೂರ ಸರಿಸಿ. ಸಂದಿಯಿರುವ ಮರದ ಬೀರುವಿಗೆ ಸಿಲಿಕಾ ಜೆಲ್ ಹಾಕಿದರೆ ದುಡ್ಡು ದಂಡ.

ದುರಸ್ತಿಗೆ ಸೆಲ್ಲೋಟೇಪ್ ಬೇಡ. ಅಂಟು ಹಳದಿಯಾಗಿ ಕಾಗದಕ್ಕಿಳಿಯುತ್ತದೆ, ಪಟ್ಟಿ ಕಳಚಿ ಬೀಳುತ್ತದೆ. ಆಮ್ಲರಹಿತ ಕಾಗದದ 4 ಮಿಲಿಮೀಟರ್ ಅಗಲದ ಪಟ್ಟಿಗಳಿಂದ ಗಿಡವನ್ನು ಕಟ್ಟಿ, ದಪ್ಪ ಕಾಂಡವನ್ನು ದಾರದಿಂದ ಹೊಲಿಯಿರಿ. ಉದುರಿದ ಹೂ, ಬೀಜಗಳನ್ನು ಸಣ್ಣ ಲಕೋಟೆಯಲ್ಲಿ ಹಾಕಿ ಅದೇ ಹಾಳೆಗೆ ಅಂಟಿಸಿ. ಹೊಸ ಹಾಳೆ 28×42 ಸೆಂಟಿಮೀಟರ್ ಇರಲಿ, ಚೀಟಿ ಬಲಗಡೆಯ ಕೆಳಮೂಲೆಗೆ.

ಚೀಟಿಯ ಕೆಲಸಕ್ಕೆ ಹೆಚ್ಚು ಸಮಯ ಕೊಡಿ. ಎಲ್ಲಿ, ಯಾವಾಗ, ಯಾರು ಕಿತ್ತದ್ದು ಎಂಬುದು ಕಳೆದುಹೋದರೆ ಉಳಿಯುವುದು ಬರೀ ಒಣಗಿದ ಎಲೆ. ಹಳೆಯ ಚೀಟಿಯನ್ನು ತೆಗೆಯಲೂಬೇಡಿ, ತಿದ್ದಲೂಬೇಡಿ. ಜಾಲಿಯ ಹಾಳೆಯ ಮೇಲೆ ‘ಅಕೇಶಿಯ ನಿಲೋಟಿಕ’ ಎಂದಿದ್ದರೆ, ಅದರ ಈಗಿನ ಹೆಸರು ‘ವಾಚೆಲಿಯ ನಿಲೋಟಿಕ’ ಎಂದು ಬೇರೆ ಚೀಟಿಯಲ್ಲಿ ಬರೆದು, ಗುರುತಿಸಿದವರ ಹೆಸರು, ವರ್ಷ ಸೇರಿಸಿ ಪಕ್ಕದಲ್ಲಿ ಅಂಟಿಸಿ.

ಕಂಪ್ಯೂಟರಿಗೆ ಏರಿಸುವಾಗ ಚೀಟಿಯಲ್ಲಿದ್ದ ಅಕ್ಷರಗಳು ಹಾಗೆಯೇ ಒಂದು ಅಂಕಣದಲ್ಲಿರಲಿ, ನಿಮ್ಮ ಅರ್ಥೈಸುವಿಕೆ ಇನ್ನೊಂದರಲ್ಲಿ. 1938ರ ಹಾಳೆಯೊಂದರಲ್ಲಿ ‘ಸೌತ್ ಕೆನರಾ’ ಎಂದಷ್ಟೇ ಇದೆಯೆನ್ನಿ. ಅದನ್ನು ದಕ್ಷಿಣ ಕನ್ನಡ ಎಂದು ತುಂಬಿದರೆ ತಪ್ಪಾಗಬಹುದು: ಕಾಸರಗೋಡು ಆ ಜಿಲ್ಲೆಯಿಂದ ಕೇರಳಕ್ಕೆ ಹೋದದ್ದು 1956ರಲ್ಲಿ, ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಊರಿನ ಹೆಸರು ಸಿಗದಿದ್ದರೆ ಈಗಿನ ಜಿಲ್ಲೆಯ ಅಂಕಣ ಖಾಲಿ ಬಿಡಿ. ಅಕ್ಷಾಂಶ, ರೇಖಾಂಶ ಕೊಡುವಲ್ಲೆಲ್ಲ ಎಷ್ಟು ಕಿಲೋಮೀಟರ್ ಹೆಚ್ಚುಕಡಿಮೆ ಇರಬಹುದೆಂದೂ ಬರೆಯಿರಿ. ಈ ಪಟ್ಟಿ ಮುಗಿದಾಗ ಯಾವ ತಾಲ್ಲೂಕಿನಿಂದ ಹಾಳೆಗಳಿಲ್ಲ, ಯಾವ ಗಿಡದ ಹಾಳೆಯಲ್ಲಿ ಹೂವೂ ಕಾಯಿಯೂ ಇಲ್ಲ ಎಂಬುದು ಕಣ್ಣಿಗೆ ಬೀಳುತ್ತದೆ. ಮುಂದಿನ ಕ್ಷೇತ್ರಪ್ರವಾಸ ಅಲ್ಲಿಗೇ ಇರಲಿ. ಕಾಡಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ.

ಫೋಟೋಕ್ಕೆ 24 ಮೆಗಾಪಿಕ್ಸೆಲ್ ಕ್ಯಾಮೆರಾ, ಅದನ್ನು ಕೆಳಮುಖವಾಗಿ ಹಿಡಿದಿಡುವ ಕಾಪಿ ಸ್ಟ್ಯಾಂಡ್, ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ಬೆಳಕು ಸಾಕು. ಚೌಕಟ್ಟಿನ ಉದ್ದ 45 ಸೆಂಟಿಮೀಟರ್ ಬಂದರೆ ಇಂಚಿಗೆ ಸುಮಾರು 340 ಪಿಕ್ಸೆಲ್ ಸಿಗುತ್ತದೆ. ಎಲೆಯ ಅಂಚು, ಚೀಟಿಯ ಕೈಬರಹ ಸ್ಪಷ್ಟವಾಗಿ ಕಾಣುತ್ತವೆ. ಅಳತೆಪಟ್ಟಿ, ಬಣ್ಣದ ಪಟ್ಟಿ, ಹಾಳೆಯ ಸಂಖ್ಯೆ ಪ್ರತಿ ಚಿತ್ರದಲ್ಲೂ ಇರಬೇಕು, ಫೈಲಿನ ಹೆಸರೂ ಅದೇ ಸಂಖ್ಯೆಯಾಗಿರಲಿ. ಎರಡು ಹಾರ್ಡ್ ಡಿಸ್ಕಿನಲ್ಲಿ ಪ್ರತಿ ಇಟ್ಟು, ಒಂದನ್ನು ಬೇರೆ ಕಟ್ಟಡದಲ್ಲಿಡಿ.