ಮಳೆಗಾಲದ ಬರ್ತ್‌ಡೇಗೆ ಕಾಗದದ ಆನೆ

ನಾಲ್ಕು ವರ್ಷದ ಹಿಂದೆ, ಆಷಾಢದಲ್ಲಿ, ತೀರ್ಥಹಳ್ಳಿಯ ತಂಗಿ ಮನೆಯಲ್ಲಿ ಅವಳ ಮಗಳ ಐದನೇ ಹುಟ್ಟುಹಬ್ಬ. ಕಾಡಿನ ಥೀಮ್. ನಡುಮನೆಯ ತೊಲೆಗೆ ನಾನೇ ಮಾಡಿದ ಕಾಗದದ ಆನೆಮುಖ ತೂಗುತ್ತಿತ್ತು. ಕೇಕಿಗೆ ಚಾಕು ಇಡುವ ಹೊತ್ತಿಗೆ ಮಗು ತಲೆಯೆತ್ತಿ, "ದೊಡ್ಡಮ್ಮಾ, ಆನೆ ಬೆವರ್ತಾ ಇದೆ" ಅಂದಳು. ನೋಡಿದರೆ ಹೌದು. ಹಣೆ ಮೇಲೆ ಸಾಸಿವೆ ಕಾಳಿನಷ್ಟು ನೀರಿನ ಹನಿಗಳು ಕೂತಿದ್ದವು. ಬೂದು ಬಣ್ಣ ಕರಗಿ ಸೊಂಡಿಲಿನ ತುದಿಗೆ ಬಂದು, ಅಲ್ಲಿಂದ ಯಾರದೋ ಬಿಳಿ ಅಂಗಿ ಮೇಲೆ ತೊಟ್ಟಿಕ್ಕಿತು.

ತಪ್ಪು ನನ್ನದೇ. ಬೂಷ್ಟು ಹಿಡಿಯದಿರಲು ಅಂಟಿಗೆ ಎರಡು ಚಮಚ ಉಪ್ಪು ಹಾಕಿ ಎಂದು ಮೊಬೈಲಿನ ವಿಡಿಯೊ ಹೇಳಿತ್ತು, ಹಾಕಿದ್ದೆ. ಒಣ ಊರಿನವರಿಗೆ ಅದು ನಡೆದೀತು. ಉಪ್ಪಿನ ಭರಣಿಯೇ ನೀರೊಡೆಯುವ ನಮ್ಮ ಮಳೆಗಾಲದಲ್ಲಿ ಅಂಟಿಗೆ ಉಪ್ಪು ಹಾಕುವುದೆಂದರೆ ಆನೆಯನ್ನು ಕೊಡೆಯಿಲ್ಲದೆ ಅಂಗಳಕ್ಕೆ ಕಳಿಸಿದ ಹಾಗೆ. ಅದಾದ ಮೇಲೆ ಏಳೆಂಟು ಆನೆ ಮಾಡಿದ್ದೇನೆ, ಬೇರೆಯವರ ಮನೆಯಲ್ಲಿ ಕೆಟ್ಟದ್ದನ್ನು ಅದಕ್ಕಿಂತ ಹೆಚ್ಚು ನೋಡಿದ್ದೇನೆ. ಕೆಡುವುದು ಯಾವಾಗಲೂ ಒಂದೇ ಜಾಗದಲ್ಲಿ, ಒಣಗಿಸುವಲ್ಲಿ. ಹಾಗಾಗಿ ಈ ಲೇಖನದ ಅರ್ಧ ಪಾಲು ಅದಕ್ಕೇ.

ಮೊದಲು ಥೀಮ್ ಮಾತು. ಕಾಡು ಅಂದ ಕೂಡಲೇ ಅಂಗಡಿಯಿಂದ ಜಿರಾಫೆ, ಜೀಬ್ರಾ ಇರುವ ಸೆಟ್ ಬರುತ್ತದೆ. ನಮ್ಮ ಮಕ್ಕಳು ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿಯಲ್ಲಿ ಹದಿನಾಲ್ಕೇ ಕಿಲೋಮೀಟರ್ ದೂರದ ಸಕ್ರೆಬೈಲು ಆನೆ ಬಿಡಾರದಲ್ಲಿ, ಗಾಜನೂರು ಹಿನ್ನೀರಿನಲ್ಲಿ ಆನೆ ಮೀಯುವುದನ್ನು ಕಣ್ಣಾರೆ ನೋಡಿದವರು. ಶಿವಮೊಗ್ಗದ ದಸರಾಕ್ಕೆ ಬರುವುದೂ ಅಲ್ಲಿಯ ಆನೆಗಳೇ. ಅವರಿಗೆ ಜಿರಾಫೆ ಯಾಕೆ? ಒಂದೇ ಪ್ರಾಣಿ ಇಟ್ಟುಕೊಳ್ಳಿ, ಅದನ್ನು ದೊಡ್ಡದಾಗಿ, ಚೆನ್ನಾಗಿ ಮಾಡಿ. ಉಳಿದದ್ದೆಲ್ಲ ಸೊಪ್ಪು, ಎಲೆ. ಗೋಡೆ ತುಂಬ ಹತ್ತು ಪ್ರಾಣಿ ಅಂಟಿಸಿದ ಮನೆ ಸಂತೆಯ ಹಾಗೆ ಕಾಣುತ್ತದೆ.

ಥರ್ಮಾಕೋಲಿನಲ್ಲಿ ಕೊರೆದು ಮುಗಿಸೋಣ ಎನ್ನುವವರು ಇರುತ್ತಾರೆ. ಅಲಂಕಾರದ ಥರ್ಮಾಕೋಲು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ, ಬಲೂನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕಡ್ಡಿಯೂ ಅದೇ ಪಟ್ಟಿಯಲ್ಲಿದೆ. ಕೆಲವು ಅಂಗಡಿಯ ಹಿಂಬದಿಯಲ್ಲಿ ಈಗಲೂ ಸಿಗುತ್ತದೆ ಅನ್ನುವುದು ಬೇರೆ ಮಾತು. ಕೊರೆದಾಗ ಉದುರುವ ಬಿಳಿ ಕಾಳನ್ನು ಮೂರು ತಿಂಗಳು ಗುಡಿಸಬೇಕು. ನನಗಂತೂ ಬೇಡ.

ಸಾಮಾನು: ಹನ್ನೆರಡು ಇಂಚಿನ ಗಟ್ಟಿ ಬಲೂನು ಎರಡು (ಒಂದು ಒಡೆಯುತ್ತದೆ), ಹಳೇ ಪೇಪರ್, ಕಾಲು ಕೆಜಿ ಮೈದಾ, ಫೆವಿಕಾಲ್, ಒಂದು ಒಳ್ಳೇ ಅಡಿಕೆ ಹಾಳೆ (ಅಡಿಕೆ ಸೋಗೆಯ ಬುಡದ ಅಗಲ ಪೊರೆ), ಕೊಬ್ಬರಿ ಎಣ್ಣೆ, ದಬ್ಬಳ, ಗಟ್ಟಿ ದಾರ, ಬಣ್ಣ. ಎಂಟು ದಿನ ಮೊದಲು ಶುರು ಮಾಡಿ. ಹಿಂದಿನ ದಿನ ರಾತ್ರಿ ಶುರು ಮಾಡುವವರು ಈ ಪುಟ ಮಡಿಸಿಟ್ಟು ಅಲಂಕಾರಕ್ಕೆ ಬೈನೆ (ತಾಳೆ ಜಾತಿಯ ಕಾಡುಮರ) ಎಲೆ ತರಲು ಹೋಗಬಹುದು.

ಅಂಟು

ಒಂದು ಲೋಟ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ. ಬೇರೆ ಪಾತ್ರೆಯಲ್ಲಿ ನಾಲ್ಕು ಲೋಟ ನೀರು ಕುದಿಸಿ, ಇದನ್ನು ಸುರಿದು ಕೈಬಿಡದೆ ತಿರುವಿ. ಬಿಳಿ ಹೋಗಿ ಗಂಜಿ ತಿಳಿಯ ಬಣ್ಣ ಬಂದಾಗ ಇಳಿಸಿ, ಆರಿದ ಮೇಲೆ ಅರ್ಧ ಲೋಟ ಫೆವಿಕಾಲ್ ಬೆರೆಸಿ. ಹಸಿ ಮೈದಾ ಕಲಸಿ ಹಚ್ಚುವ ಸುಲಭ ದಾರಿ ಮಳೆಗಾಲದಲ್ಲಿ ಬೇಡ. ಅದು ಎರಡನೇ ದಿನ ಹುಳಿ ವಾಸನೆ ಹೊಡೆಯುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹಿಂದೆ ಗೋಡೆಗೆ ಪೋಸ್ಟರ್ ಹಚ್ಚುವವರು ಹುಳ ಹಿಡಿಯದಿರಲು ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು. ಅಡಿಕೆ ತೋಟದ ಮನೆಯಲ್ಲಿ ಕೊಳೆರೋಗದ ಬೋರ್ಡೋ ಮದ್ದಿಗೆ ಅಂತ ಅದು ಹೇಗೂ ಇದ್ದೇ ಇರುತ್ತದೆ. "ಚಿಟಿಕೆ ಹಾಕು, ಏನೂ ಆಗೋದಿಲ್ಲ" ಎನ್ನುವ ಅಜ್ಜಯ್ಯ ಒಬ್ಬರು ಜಗಲಿಯಲ್ಲಿ ಕೂತೇ ಇರುತ್ತಾರೆ. ಅದು ವಿಷ. ಮಕ್ಕಳು ಮುಟ್ಟಿ, ಅದೇ ಕೈಯಲ್ಲಿ ಕೇಕ್ ತಿನ್ನುವ ವಸ್ತುವಿಗೆ ಸಾಸಿವೆಯಷ್ಟೂ ಬೇಡ.

ಕಾಗದ ಹಚ್ಚುವುದು

ಪೇಪರನ್ನು ಕತ್ತರಿಸಬೇಡಿ, ಹರಿಯಿರಿ. ಕತ್ತರಿಸಿದ ಅಂಚು ಮೆಟ್ಟಿಲಿನಂತೆ ಎದ್ದು ಕಾಣುತ್ತದೆ, ಹರಿದ ಅಂಚು ಪಕ್ಕದ ಚೂರಿನೊಳಗೆ ಕರಗುತ್ತದೆ. ಪೇಪರ್ ಒಂದು ದಿಕ್ಕಿನಲ್ಲಿ ನೇರ ಹರಿಯುತ್ತದೆ, ಇನ್ನೊಂದು ದಿಕ್ಕಿನಲ್ಲಿ ಅಡ್ಡಾದಿಡ್ಡಿ ಹೋಗುತ್ತದೆ. ನೇರ ಬರುವ ದಿಕ್ಕು ಹಿಡಿದು ಎರಡು ಬೆರಳಗಲದ ಪಟ್ಟಿ ಮಾಡಿಕೊಳ್ಳಿ. ಬಲೂನಿಗೆ ಕೊಬ್ಬರಿ ಎಣ್ಣೆ ಸವರಿ. ಪಟ್ಟಿಯನ್ನು ಅಂಟಿನಲ್ಲಿ ಅದ್ದಿ, ಎರಡು ಬೆರಳಿನ ನಡುವೆ ಎಳೆದು ಹೆಚ್ಚಿನದ್ದನ್ನು ಪಾತ್ರೆಗೇ ಬಿಟ್ಟು, ಒಂದರ ಮೇಲೊಂದು ಅರ್ಧ ಬರುವ ಹಾಗೆ ಹಚ್ಚಿ. ಅಂಟು ತೊಟ್ಟಿಕ್ಕುತ್ತಿದೆ ಅಂದರೆ ಜಾಸ್ತಿಯಾಗಿದೆ.

ಮೊದಲ ಪದರಕ್ಕೆ ಕನ್ನಡ ಪೇಪರ್, ಎರಡನೆಯದಕ್ಕೆ ಇಂಗ್ಲಿಷ್, ಮತ್ತೆ ಕನ್ನಡ. ಇಂಗ್ಲಿಷ್ ಪದರ ಹಾಕುವಾಗ ಎಲ್ಲಾದರೂ ಕನ್ನಡ ಅಕ್ಷರ ಇಣುಕಿದರೆ ಅಲ್ಲಿ ಬಿಟ್ಟುಹೋಗಿದೆ ಅಂತ ಲೆಕ್ಕ. ಮಕ್ಕಳ ಕೈಗೇ ಕೊಡಿ, ತಪ್ಪು ಹುಡುಕುವುದರಲ್ಲಿ ಅವರಿಗೆ ಖುಷಿ.

ಒಟ್ಟು ನಾಲ್ಕು ಪದರ ಸಾಕು. ಆದರೆ ದಿನಕ್ಕೊಂದೇ. ಒಂದೇ ಸಂಜೆ ಆರು ಪದರ ಹಚ್ಚಿ ಕೈತೊಳೆದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಹೊರಗಿನ ಪದರ ಒಣಗಿ ಗಟ್ಟಿ ಚಿಪ್ಪಾಗುತ್ತದೆ, ಒಳಗಿನ ನೀರಿಗೆ ದಾರಿಯಿಲ್ಲ. ಐದನೇ ದಿನ ಬಲೂನು ತೆಗೆದರೆ ಒಳಗೆಲ್ಲ ಹಸಿರು ಬೂಷ್ಟು.

ಒಣಗಿಸುವುದು

ಬಲೂನಿನೊಳಗೆ ಇರುವುದು ಗಾಳಿ ಎನ್ನುವುದನ್ನು ಮರೆಯಬೇಡಿ. ಬಿಸಿಯಾದರೆ ಉಬ್ಬುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಸಂಜೆ ಒಲೆಯ ಬಿಸಿಯಿದ್ದ ಅಡುಗೆಮನೆಯಲ್ಲಿ ಹಚ್ಚಿ, ರಾತ್ರಿ ಜಗಲಿಯಲ್ಲಿಟ್ಟರೆ ಬೆಳಗಿನ ಜಾವದ ಥಂಡಿಗೆ ಬಲೂನು ಕುಗ್ಗಿ, ಹಸಿ ಕಾಗದ ಅದರ ಜೊತೆ ಒಳಗೆ ಕುಸಿದು, ಬೆಳಿಗ್ಗೆ ನೋಡಿದರೆ ಆನೆಯ ಹಣೆಯಲ್ಲಿ ಗುಳಿ. ಅದಕ್ಕೆ ಹೆದರಿ ಬಚ್ಚಲ ಒಲೆಯ ಹತ್ತಿರ ತೂಗುಹಾಕಿದರೆ ಬಲೂನು ಉಬ್ಬಿ ಕಾಗದ ಬಿರಿಯುತ್ತದೆ, ಇಲ್ಲವೇ ಢಂ ಎನ್ನುತ್ತದೆ. ಬೆಂಕಿಯ ಹತ್ತಿರ ಒಣ ಕಾಗದ ಬೇರೆ. ಎಲ್ಲಿ ಹಚ್ಚಿದಿರೋ ಅದೇ ಕೋಣೆಯಲ್ಲಿ, ಅದೇ ಬಿಸಿಯಲ್ಲಿ ಮೊದಲ ದಿನ ಕಳೆಯಲಿ.

ನನ್ನ ಕ್ರಮ ಇದು. ಬಲೂನಿನ ಗಂಟಿಗೆ ದಾರ ಕಟ್ಟಿ ಕೋಣೆಯ ಮಧ್ಯೆ ತೂಗುಬಿಡಿ. ನೆಲದ ಮೇಲೋ ಪಾತ್ರೆಯ ಬಾಯಿ ಮೇಲೋ ಇಟ್ಟರೆ ಕೂತ ಜಾಗ ಒಣಗುವುದಿಲ್ಲ. ಸ್ವಲ್ಪ ದೂರದಲ್ಲಿ ಟೇಬಲ್ ಫ್ಯಾನ್ ಇಟ್ಟು, ಕಡಿಮೆ ವೇಗದಲ್ಲಿ ರಾತ್ರಿಯಿಡೀ ಬಿಡಿ. ಗಾಳಿಗೆ ಅದೇ ತಿರುಗಿಕೊಂಡು ಸುತ್ತಲೂ ಒಣಗುತ್ತದೆ. ಕರೆಂಟ್ ಹೋಯಿತೆಂದು ಕೂದಲು ಒಣಗಿಸುವ ಡ್ರೈಯರ್ ಹಿಡಿಯುವವರು ನೆನಪಿಡಿ, ಅದು ಹೊರಮೈಯನ್ನಷ್ಟೇ ಒಣಗಿಸುತ್ತದೆ. (ಕರೆಂಟ್ ಹೋದಾಗ ಡ್ರೈಯರ್ ಹೇಗೆ ನಡೆಯುತ್ತದೆ ಎಂದು ಕೇಳಬೇಡಿ. ಒಬ್ಬರು ಇನ್ವರ್ಟರಿಗೆ ಹಾಕಿ ಇನ್ವರ್ಟರನ್ನೇ ಮಲಗಿಸಿದ್ದರು.)

ಒಣಗಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ, ಬೆರಳಿಗೂ ಗೊತ್ತಾಗುವುದಿಲ್ಲ. ಕೆನ್ನೆಗೆ ಒತ್ತಿ ನೋಡಿ. ನೀರು ಇನ್ನೂ ಇದ್ದರೆ ತಣ್ಣಗೆ ತಾಗುತ್ತದೆ, ಪೂರ್ತಿ ಒಣಗಿದ್ದರೆ ತಣ್ಣಗಿರುವುದಿಲ್ಲ. ಆಮೇಲೆ ಬೆರಳ ಗಿಣ್ಣಿನಿಂದ ತಟ್ಟಿ. ಒಣಗಿದ್ದು ಒಣ ಸೋರೆಬುರುಡೆಯ ಹಾಗೆ ಟೊಕ್ ಟೊಕ್ ಅನ್ನುತ್ತದೆ, ಹಸಿಯದ್ದು ದಪ್ ಅನ್ನುತ್ತದೆ. ಎರಡೂ ಪರೀಕ್ಷೆ ಪಾಸಾದ ಮೇಲೆಯೇ ಮುಂದಿನ ಪದರ.

ನಾಲ್ಕೂ ಒಣಗಿದ ಮೇಲೆ ಬಲೂನು ತೆಗೆಯುವುದು. ಸೂಜಿ ಚುಚ್ಚಿ ಪಟ್ ಅನ್ನಿಸುವ ಆಸೆ ಮಕ್ಕಳಿಗೆ. ಹಾಗೆ ಮಾಡಿದರೆ ಅಂಟಿಕೊಂಡಿದ್ದ ರಬ್ಬರು ಒಳಪದರವನ್ನು ಕಿತ್ತುಕೊಂಡೇ ಹೋಗುತ್ತದೆ. ಗಂಟಿನ ಕೆಳಗೆ ಕುತ್ತಿಗೆ ಹಿಡಿದು, ಕತ್ತರಿಯ ತುದಿಯಲ್ಲಿ ಸಣ್ಣ ಗೀರು ಹಾಕಿ. ಗಾಳಿ ಸುಸ್ ಎಂದು ನಿಧಾನ ಹೋಗುವಾಗ ರಬ್ಬರು ಚಟ್ ಚಟ್ ಎಂದು ಕಾಗದದಿಂದ ಬಿಡಿಸಿಕೊಳ್ಳುವುದು ಕಿವಿಗೆ ಕೇಳುತ್ತದೆ. ಇಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಎಲ್ಲರೂ ಬಿಡುವ ಹಂತ ಇದೇ. ಒಳಗೋಡೆ ಇಷ್ಟು ದಿನ ಗಾಳಿಯನ್ನೇ ಕಂಡಿಲ್ಲ. ಹಿಂಭಾಗವನ್ನು ಒಂದು ತಟ್ಟೆಯಗಲ ಕತ್ತರಿಸಿ, ಬಾಯಿಯನ್ನು ಫ್ಯಾನಿನ ಕಡೆ ಮಾಡಿ ಇನ್ನೊಂದು ಪೂರ್ತಿ ರಾತ್ರಿ ಇಡಿ. ಆಮೇಲೆ ಕೆನ್ನೆಯ ಪರೀಕ್ಷೆ ಒಳಗಡೆಯಿಂದ.

ಆನೆ ಆನೆಯಾಗುವುದು

ಸೊಂಡಿಲಿಗೆ ಪೇಪರನ್ನು ಉದ್ದ ಶಂಕುವಾಗಿ ಸುತ್ತಿ, ಬಾಗಿಸಿ, ದಾರ ಬಿಗಿದು, ಅಗಲದ ತುದಿಯನ್ನು ಆರೇಳು ಕಡೆ ಸೀಳಿ, ಸೀಳನ್ನು ಹೂವಿನ ಎಸಳಿನಂತೆ ಬಿಡಿಸಿ ಮುಖಕ್ಕೆ ಹಚ್ಚಿ. ಮೇಲೆ ಎರಡು ಪದರ. ಇದೂ ಒಣಗಬೇಕು, ಗೊತ್ತಲ್ಲ.

ನೆತ್ತಿಯ ಮೇಲೆ ಮುದ್ದೆ ಮಾಡಿದ ಕಾಗದದ ಎರಡು ಉಬ್ಬು ಅಕ್ಕಪಕ್ಕ ಕೂರಿಸಿ. ನಮ್ಮ ಆನೆಗೆ ತಲೆಯಲ್ಲಿ ಎರಡು ಉಬ್ಬು, ನಡುವೆ ತಗ್ಗು. ಆಫ್ರಿಕಾದ ಆನೆಗೆ ಅದಿಲ್ಲ. ಮೊಬೈಲಿನಲ್ಲಿ ಆನೆ ಎಂದು ಹುಡುಕಿದರೆ ಹೆಚ್ಚಾಗಿ ಸಿಗುವ ಗೊಂಬೆ ಆನೆಗಳಿಗೆಲ್ಲ ಮೊರದಂಥ ದೊಡ್ಡ ಕಿವಿ. ಸಕ್ರೆಬೈಲಿನ ಆನೆಯ ಕಿವಿ ಅದಕ್ಕಿಂತ ಎಷ್ಟೋ ಚಿಕ್ಕದು. ಸೊಂಡಿಲಿನ ತುದಿಯ ಬೆರಳೂ ನಮ್ಮದಕ್ಕೆ ಒಂದೇ, ಅವರದಕ್ಕೆ ಎರಡು. ದಂತ ಬೇಕೇ ಬೇಕು ಎಂದಿಲ್ಲ. ನಮ್ಮ ಹೆಣ್ಣಾನೆಗೆ ಎದ್ದು ಕಾಣುವ ದಂತ ಇರುವುದಿಲ್ಲ. ಹುಡುಗಿಯ ಬರ್ತ್‌ಡೇಗೆ ಹೆಣ್ಣಾನೆ ಮಾಡಿ, ದಂತ ಅಂಟಿಸುವ ಕೆಲಸವೂ ಉಳಿಯುತ್ತದೆ.

ಕಿವಿಗೆ ಅಡಿಕೆ ಹಾಳೆಯನ್ನು ಮೀರಿಸುವ ವಸ್ತು ಇಲ್ಲ. ಒಣ ಹಾಳೆಗೆ ಕತ್ತರಿ ಹಾಕಿದರೆ ಎಳೆಯುದ್ದಕ್ಕೂ ಸೀಳಿಹೋಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ನೆನೆಸಿ, ಚರ್ಮದ ಹಾಗೆ ಬಾಗುವಾಗ ಕತ್ತರಿಸಿ. ಒಂದು ಹಾಳೆಯಲ್ಲಿ ಎರಡೂ ಕಿವಿ ಆಗುತ್ತವೆ. ನುಣುಪಾದ ಒಳಮೈ ಹಿಂದಕ್ಕೆ, ಒರಟು ಹೊರಮೈ ಮುಂದಕ್ಕೆ ಇರಲಿ. ಪೂರ್ತಿ ಚಪ್ಪಟೆ ಬೇಡ. ಮಧ್ಯಕ್ಕಷ್ಟೇ ಭಾರ ಇಟ್ಟು ಒಣಗಿಸಿದರೆ ಅಂಚು ತಾನಾಗಿ ಸುರುಳುತ್ತದೆ, ನಿಜ ಕಿವಿಯದ್ದೇ ಮಡಿಕೆ ಬರುತ್ತದೆ. ಬರೀ ಅಂಟು ಹಚ್ಚಿದರೆ ಹಾಳೆ ನಿಲ್ಲುವುದಿಲ್ಲ, ದಬ್ಬಳದಲ್ಲಿ ತೂತು ಮಾಡಿ ದಾರ ಹಾಕಿ ಕಟ್ಟಿ. ಕಿವಿಗೆ ಬಣ್ಣವೇ ಬೇಡ ಎನ್ನುವುದು ನನ್ನ ಪಂಗಡ.

ಬಣ್ಣಕ್ಕೆ ಮೊದಲು ಮನೆಗೆ ಬಳಿದು ಉಳಿದ ಬಿಳಿ ಪೇಂಟ್ ಎರಡು ಕೈ ಕೊಡಿ, ಇಲ್ಲದಿದ್ದರೆ ಆನೆಯ ಹಣೆಯಲ್ಲಿ ಅಡಿಕೆ ಧಾರಣೆ ಓದಬಹುದು. ಪೋಸ್ಟರ್ ಕಲರ್ ಬಿಟ್ಟು ಅಕ್ರಿಲಿಕ್ ತನ್ನಿ. ದುಬಾರಿ, ಆದರೆ ಒಣಗಿದ ಮೇಲೆ ನೀರಿಗೆ ಬಿಡುವುದಿಲ್ಲ. ಕಪ್ಪು ಬಿಳಿ ಬೆರೆಸಿದರೆ ಸಿಮೆಂಟಿನ ಬಣ್ಣ ಬರುತ್ತದೆ, ಅದಕ್ಕೆ ಸ್ವಲ್ಪ ಕಂದು ಸೇರಿಸಿ. ಹಳೇ ಹಲ್ಲುಜ್ಜುವ ಬ್ರಷ್ಷನ್ನು ತಿಳಿ ಗುಲಾಬಿಯಲ್ಲಿ ಅದ್ದಿ, ಸೊಂಡಿಲಿನ ಬುಡಕ್ಕೂ ಹಣೆಗೂ ಹೆಬ್ಬೆರಳಿನಿಂದ ಚಿಮುಕಿಸಿ. ವಯಸ್ಸಾದ ಆನೆಯ ಮೈಮೇಲಿನ ಆ ಚುಕ್ಕೆ ಬಂದ ಕೂಡಲೇ ಗೊಂಬೆ ಹೋಗಿ ಆನೆ ಬರುತ್ತದೆ. ಕಣ್ಣು ಚಿಕ್ಕದಿರಲಿ, ಪಕ್ಕಕ್ಕಿರಲಿ. ರೆಪ್ಪೆಗೆ ಪೊರಕೆಯ ಎಳೆ.

ಉಳಿದ ಅಲಂಕಾರ

ಬಾಗಿಲಿಗೂ ಮೂಲೆಗೂ ಬೈನೆ ಎಲೆ. ಆನೆಗೂ ಅದು ಇಷ್ಟದ ಮೇವು ಎಂದು ಮಕ್ಕಳಿಗೆ ಹೇಳಿ. ಉಳಿದ ಹಾಳೆಯಲ್ಲಿ ಟೊಪ್ಪಿ. ಕೇಕಿನ ಹಿಂದಿನ ಗೋಡೆಗೆ ಕೆಂಪು ರಟ್ಟಿನ ಮೇಲೆ ಬಿಳಿ ಗೆರೆಯ ಹಸೆ ಚಿತ್ತಾರದ ಅಂಚು ಬರೆದರೆ ಚೆಂದ. ಸಾಗರದ ಕಡೆಯ ದೀವರು ಸಮುದಾಯದ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಎಳೆಯುವ ಗೆರೆ ಅದು. ಗೆರೆ ಒಂದೇ ದಪ್ಪ ಇರಬೇಕು, ಅಷ್ಟೇ. ಅಷ್ಟೇ ಅನ್ನುತ್ತೇನೆ, ನನಗಿನ್ನೂ ಬಂದಿಲ್ಲ. ಕ್ರೇಪ್ ಕಾಗದದ ಮಾಲೆ ತರಬೇಡಿ, ತೇವಕ್ಕೆ ಬಣ್ಣ ಬಿಟ್ಟು ಸುಣ್ಣದ ಗೋಡೆಯನ್ನು ಹೋಳಿ ಮಾಡುತ್ತದೆ. ಸೆಲೋಟೇಪೂ ಹಾಗೆಯೇ, ಥಂಡಿ ಗೋಡೆಯಲ್ಲಿ ನಡುರಾತ್ರಿ ಎಲ್ಲವನ್ನೂ ಕೈಬಿಡುತ್ತದೆ. ಕಿಟಕಿಯಿಂದ ಕಿಟಕಿಗೆ ದಾರ ಎಳೆದು ಅದಕ್ಕೆ ಕಟ್ಟಿ. ಆನೆಯನ್ನು ತೊಲೆಗೆ ಎರಡು ದಾರದಲ್ಲಿ ತೂಗುಹಾಕಿ. ಒಂದೇ ದಾರವಾದರೆ ಸೊಂಡಿಲಿನ ಭಾರಕ್ಕೆ ಮೂಗು ಕೆಳಗಾಗಿ ಮುನಿಸಿಕೊಂಡ ಹಾಗೆ ಕಾಣುತ್ತದೆ. ಮೇಣದಬತ್ತಿಯಿಂದ ಒಂದು ಮಾರಾದರೂ ಅತ್ತ ಇರಲಿ.

ಹಬ್ಬ ಮುಗಿದ ಮೇಲೆ ಆನೆಯನ್ನು ಅಟ್ಟಕ್ಕೆ ಹಾಕಬೇಡಿ. ಮೈದಾ ವಾಸನೆಗೆ ಇಲಿ ಬಂದೇ ಬರುತ್ತದೆ. ನನ್ನ ಎರಡನೇ ಆನೆಯನ್ನು ದೀಪಾವಳಿಗೆ ಕೆಳಗಿಳಿಸಿದಾಗ ಸೊಂಡಿಲಿನ ಬುಡದಲ್ಲಿ ಒಂದು ತೂತು, ಒಳಗೆ ಚಿಂದಿ ಕಾಗದದ ಹಾಸಿಗೆ, ಅದರಲ್ಲಿ ಕಣ್ಣು ಬಿಡದ ನಾಲ್ಕು ಮರಿ. ತಂಗಿ ಆಚೆ ಎಸೆ ಅಂದಳು. ಮಗಳು ಬಿಡಲಿಲ್ಲ, "ಗಣಪತಿ ತಲೆಯೊಳಗೆ ಇಲಿ ಇದ್ರೆ ಏನಾಯ್ತು" ಅಂದಳು. ಈಗಿನದನ್ನು ಜಗಲಿಯ ತೊಲೆಗೇ ಬಿಟ್ಟಿದ್ದೇವೆ, ಹಳೇ ಪಂಚೆ ಹೊದೆಸಿ. ತಿಂಗಳಿಗೊಮ್ಮೆ ಪಂಚೆ ತೆಗೆದು ಒಳಗೆ ಕೈಯಾಡಿಸಿ ನೋಡುತ್ತೇನೆ.